ಅಲುಗಾಡುವ ಡೆಕ್ ಮೇಲೆ ವಿಮಾನ ಇಳಿಸುವುದು ಹೇಗೆ? ಮನೆಯ ಸಿಮ್ಯುಲೇಟರಿನಲ್ಲಿ ಕಲಿಯುವವರಿಗೆ ಒಂದು ಮಾರ್ಗದರ್ಶಿ

ಮಂಡಕಳ್ಳಿ ವಿಮಾನ ನಿಲ್ದಾಣದ ರನ್‌ವೇ 1,740 ಮೀಟರ್ ಉದ್ದವಿದೆ. ದೊಡ್ಡ ಜೆಟ್‌ಗಳಿಗೆ ಅದು ಸಾಲದು, ಉದ್ದ ಮಾಡಬೇಕು ಅನ್ನುವ ಮಾತು ಮೈಸೂರಿನಲ್ಲಿ ವರ್ಷಗಳಿಂದ ನಡೆಯುತ್ತಲೇ ಇದೆ. ನಮ್ಮ ನೌಕಾಪಡೆಯ ಐಎನ್‌ಎಸ್ ವಿಕ್ರಾಂತ್ ಹಡಗು ಈ ತುದಿಯಿಂದ ಆ ತುದಿಗೆ 262 ಮೀಟರ್. ಅದರ ಮೇಲಿಳಿಯುವ ಮಿಗ್-29ಕೆ ಯುದ್ಧವಿಮಾನ, ಡೆಕ್‌ಗೆ (ಹಡಗಿನ ಮೇಲ್ಹಾಸಿಗೆ) ಅಡ್ಡಲಾಗಿ ಬಿಗಿದ ತಂತಿಗೆ ತನ್ನ ಬಾಲದ ಕೊಕ್ಕೆ ಸಿಕ್ಕಿಸಿಕೊಂಡು, ಸುಮಾರು ನೂರು ಮೀಟರ್ ಒಳಗೆ ನಿಂತುಬಿಡಬೇಕು. ಆ ನೂರು ಮೀಟರ್ ಜಾಗ ಸುಮ್ಮನೆ ಕೂತಿರುವುದಿಲ್ಲ. ಹಡಗಿನ ಜೊತೆ ಮುಂದಕ್ಕೆ ಓಡುತ್ತಿರುತ್ತದೆ, ಮಳೆಗಾಲದ ಅರಬ್ಬಿ ಸಮುದ್ರದಲ್ಲಾದರೆ ಏಳುತ್ತಾ ಬೀಳುತ್ತಾ ಇರುತ್ತದೆ, ಅಮಾವಾಸ್ಯೆಯ ರಾತ್ರಿಯಲ್ಲಾದರೆ ಕೆಲವು ದೀಪಗಳನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ.

ಮೈಸೂರು, ಮಂಡ್ಯ ಕಡೆಯ ಎಷ್ಟೋ ಹುಡುಗ ಹುಡುಗಿಯರು ಇವತ್ತು ಮನೆಯ ಕಂಪ್ಯೂಟರಿನಲ್ಲಿ ಇದನ್ನು ಪ್ರಯತ್ನಿಸುತ್ತಿದ್ದಾರೆ. ಎನ್‌ಡಿಎ ಪರೀಕ್ಷೆಗೆ ಓದುವವರಿದ್ದಾರೆ, ಎನ್‌ಸಿಸಿ ನೌಕಾ ವಿಭಾಗದವರಿದ್ದಾರೆ, ಬರೀ ಆಸಕ್ತಿಯಿಂದ ಕೂರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಇದ್ದಾರೆ. ಅವರಿಗೆ ಹೇಳಿಕೊಡುತ್ತಾ ನನಗೆ ಖಚಿತವಾಗಿರುವ ಮಾತು ಒಂದೇ: ಕಷ್ಟದ ಹವಾಮಾನಕ್ಕೆ ಅಂತ ಬೇರೆ ವಿದ್ಯೆ ಇಲ್ಲ. ಹಗಲಿನಲ್ಲಿ, ಶಾಂತ ಸಮುದ್ರದಲ್ಲಿ ಕಲಿತ ಅದೇ ಮೂರು ಕೆಲಸವನ್ನು ರಾತ್ರಿಯಲ್ಲೂ ಬಿರುಗಾಳಿಯಲ್ಲೂ ಮಾಡಬೇಕು. ಹವಾಮಾನ ಕೆಟ್ಟಷ್ಟೂ ಕೊನೆಯ ಹದಿನೈದು, ಹದಿನೆಂಟು ಸೆಕೆಂಡಿಗೆ ಯಾವ ತೀರ್ಮಾನವನ್ನೂ ಉಳಿಸಿಕೊಳ್ಳದೆ ಮೊದಲೇ ಮುಗಿಸಿಕೊಂಡು ಬರಬೇಕು.

ಇದು ಸಿಮ್ಯುಲೇಟರಿಗೆ, ಅಂದರೆ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ತಂತ್ರಾಂಶಕ್ಕೆ, ಬರೆದದ್ದು. ನಿಜವಾದ ತರಬೇತಿ ಕೊಡುವವರು ನೌಕಾಪಡೆಯವರು. ಆದರೂ ಇಲ್ಲಿನ ಕ್ರಮ ಮತ್ತು ಅಂಕಿಗಳು ಕಲ್ಪನೆಯವಲ್ಲ. ಹೆಚ್ಚಿನವು ಅಮೆರಿಕದ ನೌಕಾಪಡೆಯ ಪದ್ಧತಿಗೆ ಸೇರಿದವು. ಮನೆಗೆ ಸಿಗುವ ಸಿಮ್ಯುಲೇಟರ್‌ಗಳು ಬಹುಪಾಲು ಅದನ್ನೇ ಅನುಸರಿಸುತ್ತವೆ.

ಬೇಕಾದ ಸಾಮಾನು

ದುಬಾರಿ ಕಂಪ್ಯೂಟರ್ ಇಲ್ಲದಿದ್ದರೆ ಫ್ಲೈಟ್‌ಗೇರ್ ಎಂಬ ಸಿಮ್ಯುಲೇಟರ್ ಸಾಕು. ಅದು ಪೂರ್ತಿ ಉಚಿತ. ನಿಮಿಟ್ಜ್, ವಿನ್ಸನ್ ಎಂಬ ವಿಮಾನವಾಹಕ ನೌಕೆಗಳು ಅದರಲ್ಲಿವೆ. ಸೀ ಹಾಕ್ ವಿಮಾನವೂ ಇದೆ, ಮತ್ತು ನಮ್ಮವರು ಕಲಿಕೆಯನ್ನು ಅದರಿಂದ ಶುರುಮಾಡಬೇಕು ಅನ್ನುವುದು ನನ್ನ ಆಸೆ. 1961ರ ಮಾರ್ಚ್ 4ರಂದು ಸೇವೆಗೆ ಸೇರಿದ ಹಳೆಯ ವಿಕ್ರಾಂತ್ ಹಡಗಿನ ಯುದ್ಧವಿಮಾನ ಅದೇ. ಆ ವರ್ಷದ ಮೇ 18ರಂದು ಆ ಡೆಕ್ ಮೇಲೆ ಮೊದಲು ಇಳಿದ ಭಾರತೀಯ ಪೈಲಟ್ ಆರ್.ಎಚ್. ತಹಿಲಿಯಾನಿ, ಮುಂದೆ ನೌಕಾಪಡೆಯ ಮುಖ್ಯಸ್ಥರಾದವರು. 1971ರ ಯುದ್ಧದಲ್ಲಿ ಬಂಗಾಳ ಕೊಲ್ಲಿಯಿಂದ ಹಾರಿದ್ದೂ ಇದೇ ಸೀ ಹಾಕ್‌ಗಳು. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದವರು ಡಿಸಿಎಸ್ ವರ್ಲ್ಡ್ ಎಂಬ ಸಿಮ್ಯುಲೇಟರಿನ ಹಾರ್ನೆಟ್ ವಿಮಾನವನ್ನೂ ಸೂಪರ್‌ಕ್ಯಾರಿಯರ್ ಹಡಗನ್ನೂ ಕೊಳ್ಳಬಹುದು. ಡೆಕ್ ಏಳುಬೀಳುವುದು ಅಲ್ಲಿ ಚೆನ್ನಾಗಿ ಅನುಭವಕ್ಕೆ ಬರುತ್ತದೆ.

ಜಾಯ್‌ಸ್ಟಿಕ್ ಬೇಕೇ ಬೇಕು. ಕೀಬೋರ್ಡಿನಲ್ಲಿ ಇದು ಆಗದ ಕೆಲಸ. ಕಡಿಮೆ ಬೆಲೆಯದಾದರೂ ಪರವಾಗಿಲ್ಲ, ಥ್ರಾಟಲ್ (ಎಂಜಿನ್ನಿನ ಶಕ್ತಿ, ಅಂದರೆ ಪವರ್, ಹೆಚ್ಚು ಕಡಿಮೆ ಮಾಡುವ) ಜಾರುಗುಂಡಿ ಇರುವಂಥದ್ದನ್ನೇ ತೆಗೆದುಕೊಳ್ಳಿ, ಏಕೆಂದರೆ ಮುಂದೆ ನೋಡುವಂತೆ ಹಡಗಿನ ಮೇಲೆ ಇಳಿಯುವ ಕೆಲಸದಲ್ಲಿ ಮುಕ್ಕಾಲು ಪಾಲು ಎಡಗೈಯದು.

ಮೊದಲ ಹೆಜ್ಜೆ ಮಂಡಕಳ್ಳಿಯಲ್ಲಿ

ನೇರವಾಗಿ ಹಡಗಿಗೆ ಹೋಗಬೇಡಿ. ನೌಕಾಪಡೆಗಳು ಕೂಡ ಹಾಗೆ ಹೋಗುವುದಿಲ್ಲ. ನೆಲದ ರನ್‌ವೇ ಮೇಲೆ ಡೆಕ್‌ನಷ್ಟೇ ಜಾಗವನ್ನು ಗುರುತು ಮಾಡಿ, ಅಲ್ಲಿ ಮತ್ತೆ ಮತ್ತೆ ಇಳಿದು ಕೈ ಪಳಗಿದ ಮೇಲೆಯೇ ಸಮುದ್ರ. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ವಿಮಾನದ ನೌಕಾ ಮಾದರಿ ಕೂಡ ಮೊದಲು ಗೋವಾದ ಐಎನ್‌ಎಸ್ ಹಂಸ ನೆಲೆಯ ದಡದ ಮೇಲಿನ ಪರೀಕ್ಷಾ ಕೇಂದ್ರದಲ್ಲಿ, 2019ರ ಸೆಪ್ಟೆಂಬರ್ 13ರಂದು, ತಂತಿ ಹಿಡಿದು ನಿಂತಿತು. ನಮ್ಮ ಇನ್ನೊಂದು ವಿಮಾನವಾಹಕ ನೌಕೆ ವಿಕ್ರಮಾದಿತ್ಯದ ಮೇಲೆ ಇಳಿದದ್ದು ಅದಾಗಿ ಸುಮಾರು ನಾಲ್ಕು ತಿಂಗಳಿಗೆ, 2020ರ ಜನವರಿ 11ರಂದು. ಅವತ್ತು ಹಾರಿಸಿದವರು ಕಮೋಡೋರ್ ಜೈದೀಪ್ ಮಾವಳಂಕರ್.

ಸಿಮ್ಯುಲೇಟರಿನಲ್ಲಿ ಮೈಸೂರಿನ ಗುರುತು ವಿಒಎಂವೈ. ರನ್‌ವೇ ಪೂರ್ವ ಪಶ್ಚಿಮವಾಗಿದೆ. ಪಶ್ಚಿಮಕ್ಕೆ ಮುಖ ಮಾಡಿ ಇಳಿಯುವ 27ನೇ ರನ್‌ವೇ ಆರಿಸಿಕೊಳ್ಳಿ. ಹಡಗಿನ ಸುತ್ತ ಹಾರುವುದು ಯಾವಾಗಲೂ ಎಡ ಸುತ್ತು. 27ಕ್ಕೆ ಎಡ ಸುತ್ತು ಅಂದರೆ ನೀವು ದಕ್ಷಿಣದ ಕಡಕೊಳದ ಬದಿಯಲ್ಲಿ ಇರುತ್ತೀರಿ. ಚಾಮುಂಡಿ ಬೆಟ್ಟ ಉತ್ತರಕ್ಕೆ ಉಳಿಯುತ್ತದೆ. ಪೂರ್ವಕ್ಕೆ ಮುಖ ಮಾಡಿ ಇಳಿಯುವ 09ಕ್ಕೆ ಎಡ ಸುತ್ತು ಹಾರಿದರೆ ಬೆಟ್ಟದ ಕಡೆಗೇ ಹೋಗುತ್ತೀರಿ, ಮಂಜು ಹಾಕಿಕೊಂಡು ಅಭ್ಯಾಸ ಮಾಡುವಾಗ ಅದು ಬೇಡ.

ಇಲ್ಲೊಂದು ವಿಷಯ ನೆನಪಿಡಬೇಕು. ಮಂಡಕಳ್ಳಿ ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿದೆ. ಇನ್ನು ಮುಂದೆ ಹೇಳುವ ಎತ್ತರಗಳೆಲ್ಲ ನೀರಿನಿಂದ ಲೆಕ್ಕ ಹಾಕಿದವು. ಹಾಗಾಗಿ ಕೆಳಗಿನ ನೆಲದಿಂದ ಎತ್ತರ ತೋರಿಸುವ ರೇಡಾರ್ ಆಲ್ಟಿಮೀಟರ್ ನೋಡಿ, ಇಲ್ಲವೇ ಅಷ್ಟು ಎತ್ತರವನ್ನು ಕೂಡಿಸಿಕೊಳ್ಳಿ. ಇಲ್ಲಿ ಗಾಳಿ ತೆಳು, ಆದ್ದರಿಂದ ವೇಗಮಾಪಕದಲ್ಲಿ ಅದೇ ವೇಗ ಕಂಡರೂ ನೆಲ ಸ್ವಲ್ಪ ಬೇಗ ಓಡುತ್ತದೆ. ಸಮುದ್ರಕ್ಕೆ ಹೋದಾಗ ಎಲ್ಲವೂ ಒಂದು ಕೂದಲೆಳೆ ನಿಧಾನ ಅನ್ನಿಸುತ್ತದೆ, ಅದು ನಿಮಗೆ ಲಾಭವೇ.

ರನ್‌ವೇ ಶುರುವಾಗುವ ಕಡೆಯ ಬಿಳಿ ಪಟ್ಟೆಗಳಿಂದ ಸುಮಾರು ನೂರು ಮೀಟರ್ ಒಳಗಿನ ಜಾಗವೇ ನಿಮ್ಮ ಡೆಕ್. ಅದರಾಚೆ ಚಕ್ರ ತಾಕಿದರೆ ಇಳಿದಂತಲ್ಲ, ತಪ್ಪಿದಂತೆ. ತಾಕಿದರೂ ತಪ್ಪಿದರೂ ಪೂರ್ತಿ ಥ್ರಾಟಲ್ ಕೊಟ್ಟು ಮತ್ತೆ ಮೇಲೇಳಿ, ಮತ್ತೊಂದು ಸುತ್ತು ಬನ್ನಿ. ಪ್ರಯಾಣಿಕರ ವಿಮಾನದಂತೆ ಕೊನೆಯಲ್ಲಿ ಮೂಗೆತ್ತಿ ಮೆಲ್ಲಗೆ ಕೂರಿಸುವ ಅಭ್ಯಾಸ ಇದ್ದರೆ ಅದನ್ನು ಇಲ್ಲೇ ಬಿಡಬೇಕು. ಹಡಗಿಗೆ ಬರುವ ವಿಮಾನ ನಿಮಿಷಕ್ಕೆ ಸುಮಾರು 700 ಅಡಿ ಇಳಿಯುತ್ತಾ ಬಂದು, ಅದೇ ವೇಗದಲ್ಲಿ ದಬ್ಬೆಂದು ಕೂರುತ್ತದೆ. ಮೂಗೆತ್ತಿದರೆ ತಂತಿಗಳ ಮೇಲೆ ತೇಲಿಹೋಗುತ್ತದೆ.

ಬಾಲ್, ಸಾಲು, ಕೋನ

ಈ ಮೂರೇ ಆ ವಿದ್ಯೆಯ ಮೂಲ. ಉಳಿದದ್ದೆಲ್ಲ ಇವುಗಳಿಗೆ ಬರುವ ಅಡ್ಡಿಗಳು.

ಬಾಲ್ ಅಂದರೆ ಡೆಕ್‌ನ ಎಡಬದಿಯಲ್ಲಿರುವ ದೀಪದ ಕಂಬದಲ್ಲಿ ಕಾಣುವ ಹಳದಿ ಚುಕ್ಕೆ. ಅದರ ಎರಡೂ ಪಕ್ಕ ಅಡ್ಡಸಾಲಾಗಿ ಹಸಿರು ದೀಪಗಳಿರುತ್ತವೆ. ಚುಕ್ಕೆ ಹಸಿರು ಸಾಲಿನ ನೇರಕ್ಕಿದ್ದರೆ ನೀವು ಸರಿಯಾದ ಇಳಿಜಾರಿನಲ್ಲಿದ್ದೀರಿ. ಸಾಲಿಗಿಂತ ಮೇಲೆ ಕಂಡರೆ ಎತ್ತರದಲ್ಲಿದ್ದೀರಿ, ಕೆಳಗೆ ಕಂಡರೆ ತಗ್ಗಿನಲ್ಲಿ. ಕೆಂಪಾದರೆ ತುಂಬ ಅಪಾಯದ ತಗ್ಗು, ತಕ್ಷಣ ಪವರ್. ಈ ದೀಪಕ್ಕೆ ಮೂಲ ಬ್ರಿಟನ್ನಿನ ನೌಕಾ ಅಧಿಕಾರಿ ನಿಕೋಲಸ್ ಗುಡ್‌ಹಾರ್ಟ್ ರೂಪಿಸಿದ ಕನ್ನಡಿ ವ್ಯವಸ್ಥೆ. ಅದಕ್ಕೂ ಮುಂಚೆ ಡೆಕ್ ಅಂಚಿನಲ್ಲಿ ಒಬ್ಬ ಅಧಿಕಾರಿ ಎರಡು ಕೈಯಲ್ಲಿ ಬ್ಯಾಟು ಹಿಡಿದು ಸನ್ನೆ ಮಾಡುತ್ತಿದ್ದ. ಇವತ್ತಿಗೂ ಅಲ್ಲಿ ನಿಂತು ರೇಡಿಯೋದಲ್ಲಿ ಮಾರ್ಗದರ್ಶನ ಮಾಡುವ ಎಲ್‌ಎಸ್‌ಒ ಅಧಿಕಾರಿಯನ್ನು ಅಮೆರಿಕನ್ನರು ಪ್ಯಾಡಲ್ಸ್ ಅಂತಲೇ ಕರೆಯುತ್ತಾರೆ.

ಬಾಲ್‌ಗೆ ಯಾಕಿಷ್ಟು ಮಹತ್ವ ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ. ಇಳಿಜಾರು 3.5 ಡಿಗ್ರಿ. ಆ ಇಳಿಜಾರಿನಲ್ಲಿ ಒಂದೇ ಒಂದು ಮೀಟರ್ ಮೇಲಿದ್ದರೆ ಚಕ್ರ ತಾಕುವ ಜಾಗ ಹದಿನಾರು ಮೀಟರ್ ಮುಂದಕ್ಕೆ ಹೋಗುತ್ತದೆ. ತಂತಿಯಿಂದ ತಂತಿಗೆ ಇರುವ ಅಂತರ ಅದಕ್ಕಿಂತ ಕಡಿಮೆ. ಅಂದರೆ ನಿಮ್ಮ ಎದೆಯೆತ್ತರಕ್ಕಿಂತ ಕಡಿಮೆ ವ್ಯತ್ಯಾಸ ಬಂದರೂ ಒಂದು ತಂತಿ ತಪ್ಪಿಹೋಗಬಹುದು. ವಿಕ್ರಾಂತ್, ವಿಕ್ರಮಾದಿತ್ಯ ಎರಡರಲ್ಲೂ ಇರುವುದು ಮೂರೇ ತಂತಿ.

ಸಾಲು ಅಂದರೆ ಡೆಕ್‌ನ ಮಧ್ಯದ ಗೆರೆಗೆ ನೇರವಾಗಿರುವುದು. ಇಳಿಯುವ ಪಟ್ಟಿ ಹಡಗಿನ ಉದ್ದಕ್ಕೆ ನೇರವಾಗಿಲ್ಲ, ಎಡಕ್ಕೆ ಓರೆಯಾಗಿದೆ. ನಿಮಿಟ್ಜ್‌ನಲ್ಲಿ ಸುಮಾರು 9 ಡಿಗ್ರಿ. 1950ರ ದಶಕದಲ್ಲಿ ಬಂದ ಈ ಓರೆ ಡೆಕ್ ಎಷ್ಟೋ ಪ್ರಾಣ ಉಳಿಸಿದೆ, ಯಾಕೆಂದರೆ ತಂತಿ ತಪ್ಪಿದವನ ಮುಂದೆ ನಿಲ್ಲಿಸಿದ ವಿಮಾನಗಳ ಬದಲು ಖಾಲಿ ಸಮುದ್ರ ಇರುತ್ತದೆ. ಆದರೆ ಇಳಿಯುವವನಿಗೆ ಒಂದು ತೊಡಕು ಉಳಿಯಿತು. ಹಡಗು ಮುಂದೆ ಸಾಗುತ್ತಿದ್ದಂತೆ ಪಟ್ಟಿ ನಿಮ್ಮ ಕಣ್ಣಿಗೆ ಬಲಕ್ಕೆ ಸರಿಯುತ್ತಲೇ ಇರುತ್ತದೆ. 25 ನಾಟ್ (ಗಂಟೆಗೆ ಸುಮಾರು 46 ಕಿಲೋಮೀಟರ್) ವೇಗದ ಹಡಗಾದರೆ ಸೆಕೆಂಡಿಗೆ ಸುಮಾರು 2 ಮೀಟರ್. ಹಾಗಾಗಿ ಒಮ್ಮೆ ನೇರ ಮಾಡಿಕೊಂಡು ಸುಮ್ಮನಿರುವಂತಿಲ್ಲ. ಬಲಕ್ಕೆ ಪುಟ್ಟ ಪುಟ್ಟ ತಿದ್ದುಪಡಿ ಕೊಡುತ್ತಲೇ ಬರಬೇಕು. ರೆಕ್ಕೆ ವಾಲಿಸಿದಾಗಲೆಲ್ಲ ವಿಮಾನ ಸ್ವಲ್ಪ ಕುಸಿಯುತ್ತದೆ, ಅಷ್ಟಕ್ಕೆ ತಕ್ಕ ಪವರ್ ಜೊತೆಗೇ ಹೋಗಬೇಕು.

ಕೋನ ಅಂದರೆ ಆಂಗಲ್ ಆಫ್ ಅಟ್ಯಾಕ್. ಗಾಳಿಗೆ ರೆಕ್ಕೆ ಹಿಡಿದಿರುವ ಕೋನ. ಹಾರ್ನೆಟ್‌ಗೆ ಅದು 8.1 ಡಿಗ್ರಿ. ಈ ಕೋನದಲ್ಲಿದ್ದಾಗ ವಿಮಾನದ ಬಾಲದ ಕೊಕ್ಕೆ ತಂತಿಗೆ ಸಿಗುವ ಸರಿಯಾದ ಎತ್ತರದಲ್ಲಿ ತೂಗುತ್ತದೆ. ಮುಂದಿನ ಗಾಜಿನ ಪಕ್ಕದ ಪುಟ್ಟ ದೀಪದಲ್ಲಿ ಹಳದಿ ಉಂಗುರ ಕಂಡರೆ ಸರಿ, ಹಸಿರು ಗುರುತು ಕಂಡರೆ ನಿಧಾನವಾಗಿದ್ದೀರಿ, ಕೆಂಪು ಗುರುತು ಕಂಡರೆ ಜೋರಾಗಿದ್ದೀರಿ. ಈ ಕೋನವನ್ನು ಟ್ರಿಮ್ ಗುಂಡಿಯಿಂದ (ಕೈ ಬಿಟ್ಟರೂ ಮೂಗು ಅಲ್ಲೇ ನಿಲ್ಲುವಂತೆ ಮಾಡುವ ಗುಂಡಿ) ಮೊದಲೇ ಹೊಂದಿಸಿ ಜಾಯ್‌ಸ್ಟಿಕ್ ಕಡ್ಡಿಯ ಮೇಲಿನ ಕೈ ಸಡಿಲ ಬಿಡಿ. ಅಲ್ಲಿಂದ ಮುಂದೆ ಎತ್ತರವನ್ನು ಕಾಯುವುದು ಥ್ರಾಟಲ್. ಕಡ್ಡಿ ಎಳೆದು ಎತ್ತರ ಪಡೆಯಲು ಹೋದರೆ ವಿಮಾನ ನಿಧಾನವಾಗಿ, ಕೋನ ಕೆಟ್ಟು, ಎರಡು ಸೆಕೆಂಡಿನ ಮೇಲೆ ಮೊದಲಿಗಿಂತ ಕೆಳಗೆ ಕುಸಿದಿರುತ್ತದೆ.

ಥ್ರಾಟಲ್‌ ಬಗ್ಗೆ ಮಂಡ್ಯದ ಹುಡುಗರಿಗೆ ನಾನು ಹೇಳುವುದು ಆಲೆಮನೆಯ ಉದಾಹರಣೆ. ಕೊಪ್ಪರಿಗೆಯ ಕೆಳಗೆ ಉರಿ ಹಾಕುವವನು ಪಾಕ ಉಕ್ಕಿದ ಮೇಲೆ ಸಿಪ್ಪೆ ಹಿಂದಕ್ಕೆ ಎಳೆಯುವುದಿಲ್ಲ, ಉಕ್ಕುವ ಮುಂಚೆಯೇ ತಗ್ಗಿಸಿರುತ್ತಾನೆ. ಒಲೆಯ ಬಿಸಿ ಪಾಕಕ್ಕೆ ತಲುಪಲು ಹೊತ್ತು ಬೇಕು ಅನ್ನುವುದು ಅವನ ಕೈಗೆ ಗೊತ್ತು. ಜೆಟ್ ಎಂಜಿನ್ನೂ ಹಾಗೆಯೇ ತಡವಾಗಿ ಓಗೊಡುತ್ತದೆ. ಆದ್ದರಿಂದ ತಿದ್ದುಪಡಿ ಒಂದಲ್ಲ, ಮೂರು. ಬಾಲ್ ತಗ್ಗಿದರೆ ಪವರ್ ಹಾಕಿ. ಬಾಲ್ ಮೇಲಕ್ಕೆ ಹೊರಟ ಕೂಡಲೇ, ಮಧ್ಯಕ್ಕೆ ಬರುವ ಮುಂಚೆಯೇ, ಹಾಕಿದ್ದಕ್ಕಿಂತ ತುಸು ಹೆಚ್ಚು ತೆಗೆಯಿರಿ. ಮಧ್ಯಕ್ಕೆ ಬಂದಾಗ ಅದನ್ನು ಅಲ್ಲಿ ನಿಲ್ಲಿಸುವಷ್ಟು ಮತ್ತೆ ಹಾಕಿ. ಎಡಗೈ ಒಂದು ಕ್ಷಣವೂ ಸುಮ್ಮನಿರಬಾರದು. ಒಳ್ಳೆಯ ಪೈಲಟ್‌ಗಳ ಥ್ರಾಟಲ್ ಕೈ ನೋಡಿದರೆ ನಡುಗುತ್ತಿದೆಯೇನೋ ಅನ್ನಿಸುತ್ತದೆ.

ಹಗಲಿನ ಸುತ್ತು

ಹಡಗಿನ ಬಲಪಕ್ಕಕ್ಕೆ, ಅದೇ ದಿಕ್ಕಿಗೆ ಮುಖ ಮಾಡಿ, 800 ಅಡಿಯಲ್ಲಿ ಹಾದುಹೋಗಿ. ಎಡಕ್ಕೆ ತಿರುಗಿ ವೇಗ ಕಳೆದುಕೊಳ್ಳಿ, 600 ಅಡಿಗೆ ಇಳಿದು ಹಡಗಿಗೆ ಎದುರು ದಿಕ್ಕಿನಲ್ಲಿ, ಸುಮಾರು 1.2 ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಅಂದರೆ 1.85 ಕಿಲೋಮೀಟರ್; ಮುಂದೆ ಮೈಲಿ ಅಂದರೆ ಇದೇ) ದೂರ ಇಟ್ಟುಕೊಂಡು ಹಾರಿ. ಚಕ್ರ, ಫ್ಲಾಪ್ (ನಿಧಾನವಾಗಿ ಹಾರಲು ರೆಕ್ಕೆಯಿಂದ ಇಳಿಸುವ ಹಲಗೆ), ಕೊಕ್ಕೆ ಇಳಿದಿವೆಯೇ ಅಂತ ಬಾಯಿಬಿಟ್ಟು ಹೇಳಿಕೊಳ್ಳಿ. ಹಡಗಿನ ಹಿಂಭಾಗ ಪಕ್ಕಕ್ಕೆ ಬಂದಾಗ ತಿರುವು ಶುರು. ಅರ್ಧ ತಿರುವಿನಲ್ಲಿ ಸುಮಾರು 450 ಅಡಿ. ತಿರುವು ಮುಗಿದು ನೇರವಾದಾಗ ತಂತಿಗೆ ಹದಿನೈದರಿಂದ ಹದಿನೆಂಟು ಸೆಕೆಂಡು ಉಳಿದಿರಬೇಕು. ಅದಕ್ಕಿಂತ ಕಡಿಮೆಯಾದರೆ ತಿದ್ದಿಕೊಳ್ಳಲು ಸಮಯವಿಲ್ಲ, ಹೆಚ್ಚಾದರೆ ಸುತ್ತು ಅಗಲವಾಯಿತು.

ಚಕ್ರ ತಾಕಿದ ಕ್ಷಣ ಥ್ರಾಟಲ್ ಪೂರ್ತಿ ಮುಂದಕ್ಕೆ. ತಂತಿ ಹಿಡಿದಿದೆ ಅಂತ ಮೈಗೆ ಗೊತ್ತಾದರೂ ಮುಂದಕ್ಕೆ. ಕೊಕ್ಕೆ ತಪ್ಪಿದ್ದರೆ ಓರೆ ಡೆಕ್ ಮುಗಿಯುವುದರೊಳಗೆ ಮತ್ತೆ ಹಾರಲೇಬೇಕು, ಅದನ್ನೇ ಬೋಲ್ಟರ್ ಅನ್ನುವುದು. ಇದನ್ನು ಮಂಡಕಳ್ಳಿಯಲ್ಲೇ ಅಭ್ಯಾಸ ಮಾಡಿಕೊಂಡವರಿಗೆ ಇಲ್ಲಿ ಯೋಚಿಸುವ ಅಗತ್ಯ ಬರುವುದಿಲ್ಲ.

ಕತ್ತಲು

ರಾತ್ರಿ ಮೇಲಿನ ಸುತ್ತು ಇರುವುದಿಲ್ಲ. ದೂರದಿಂದಲೇ ನೇರ ಬರಬೇಕು. ಹಡಗಿನ ಹಿಂದೆ ವಿಮಾನಗಳು ಒಂದರ ಮೇಲೊಂದು ಎತ್ತರದಲ್ಲಿ ಸುತ್ತುತ್ತಾ ಕಾಯುತ್ತವೆ. ಎತ್ತರವನ್ನು ಸಾವಿರ ಅಡಿಯಲ್ಲಿ ಹೇಳಿ ಅದಕ್ಕೆ 15 ಕೂಡಿಸಿದರೆ ಕಾಯುವ ದೂರ ಸಿಗುತ್ತದೆ. 6,000 ಅಡಿಯವರು 21 ಮೈಲಿಯಲ್ಲಿ, 7,000 ಅಡಿಯವರು 22 ಮೈಲಿಯಲ್ಲಿ. ಸಮಯ ಬಂದಾಗ 250 ನಾಟ್ ವೇಗದಲ್ಲಿ ನಿಮಿಷಕ್ಕೆ 4,000 ಅಡಿಯಂತೆ ಇಳಿಯಿರಿ, 5,000 ಅಡಿಯಲ್ಲಿ ಇಳಿಯುವ ವೇಗವನ್ನು ಅರ್ಧಕ್ಕೆ ತಗ್ಗಿಸಿ, 1,200 ಅಡಿಯಲ್ಲಿ ಮಟ್ಟಸವಾಗಿ ನಿಲ್ಲಿ. 8 ಮೈಲಿಯಲ್ಲಿ ಚಕ್ರ, ಫ್ಲಾಪ್, ಕೊಕ್ಕೆ. 6 ಮೈಲಿಯ ಹೊತ್ತಿಗೆ ಕೋನ ಸರಿಯಾಗಿ ಟ್ರಿಮ್ ಮುಗಿದಿರಬೇಕು. 3 ಮೈಲಿಯಲ್ಲಿ ಕೊನೆಯ ಇಳಿಜಾರು. 2 ಮೈಲಿಯಲ್ಲಿ ಸುಮಾರು 860 ಅಡಿ, 1 ಮೈಲಿಯಲ್ಲಿ ಸುಮಾರು 460. ಮುಕ್ಕಾಲು ಮೈಲಿಯಲ್ಲಿ ತಲೆಯೆತ್ತಿ ಬಾಲ್ ನೋಡಿ. ಕಂಡರೆ 'ಬಾಲ್' ಅಂತ ಹೇಳಿ ಉಳಿದ ಇಂಧನ ಎಷ್ಟು ಅಂತಲೂ ತಿಳಿಸಿ. ಕಾಣದಿದ್ದರೆ 'ಕ್ಲಾರಾ' ಅಂತ ಹೇಳಬೇಕು. ಕಾಣದ್ದನ್ನು ಕಂಡಂತೆ ನಟಿಸುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ಅಪರಾಧ.

ದಿಕ್ಕಿನ ಬಗ್ಗೆ ಒಂದು ಮಾತು. ಹಡಗು 270 ಡಿಗ್ರಿಗೆ ಸಾಗುತ್ತಿದ್ದರೆ ನೀವು ಹಿಡಿಯಬೇಕಾದದ್ದು 261, ಓರೆ ಡೆಕ್‌ನ 9 ಡಿಗ್ರಿ ಕಳೆದು. ರಾತ್ರಿ ಹೊಸಬರು ಹಡಗಿನ ದಿಕ್ಕನ್ನೇ ಹಿಡಿದು ಬಂದು ಕೊನೆಯಲ್ಲಿ ಸಾಲು ಎಲ್ಲಿ ಹೋಯಿತು ಅಂತ ಹುಡುಕುತ್ತಾರೆ.

ಕತ್ತಲಲ್ಲಿ ನಿಜವಾದ ಶತ್ರು ನಮ್ಮ ಕಣ್ಣೇ. ದಿಗಂತವಿಲ್ಲದ ಕಡೆ ಕೆಲವೇ ದೀಪಗಳನ್ನು ದಿಟ್ಟಿಸಿದರೆ ಎತ್ತರದಲ್ಲಿದ್ದೇವೆ ಅನ್ನಿಸಿ, ಗೊತ್ತಿಲ್ಲದೆಯೇ ಇಳಿಸುತ್ತಾ ಹೋಗುತ್ತೇವೆ. ಇದರ ಅಭ್ಯಾಸಕ್ಕೆ ಕನ್ನಂಬಾಡಿ ಕಟ್ಟೆಯ ಹಿನ್ನೀರು ಬಹಳ ಒಳ್ಳೆಯ ಜಾಗ. ಸಿಮ್ಯುಲೇಟರಿನಲ್ಲಿ ರಾತ್ರಿ ಹನ್ನೊಂದು ಗಂಟೆ, ಚಂದ್ರನಿಲ್ಲದ ತಿಥಿ ಇಟ್ಟು, ಹಿನ್ನೀರಿನ ಮೇಲೆ ರೇಡಾರ್ ಆಲ್ಟಿಮೀಟರಿನಲ್ಲಿ 600 ಅಡಿ ಹಿಡಿದು ಹಾರಿ. ದೂರದ ಊರಿನ ದೀಪ ನೋಡುತ್ತಾ ಹಾರಿದರೆ ಎಷ್ಟು ಬೇಗ 400ಕ್ಕೆ ಇಳಿದಿರುತ್ತೀರಿ ಅನ್ನುವುದು ನಿಮಗೇ ತಿಳಿಯುತ್ತದೆ. ಮಾಪಕಗಳ ಮೇಲೆ ಕಣ್ಣು ಸುತ್ತುತ್ತಿದ್ದರೆ ಮಾತ್ರ 600 ಉಳಿಯುತ್ತದೆ. ಇದು ಸರಾಗವಾದ ಮೇಲೆ ರಾತ್ರಿಯ ಹಡಗಿಗೆ ಹೋಗಿ. ವಿಕ್ರಾಂತ್ ಮೇಲೆ ಮಿಗ್-29ಕೆ ಹಗಲಿನಲ್ಲಿ ಇಳಿದದ್ದು 2023ರ ಫೆಬ್ರವರಿಯಲ್ಲಿ, ಮೊದಲ ಬಾರಿ ರಾತ್ರಿ ಇಳಿದದ್ದು ಮೇ ತಿಂಗಳ ಕೊನೆಯಲ್ಲಿ. ವರ್ಷಗಳ ಅನುಭವ ಇದ್ದವರೂ ಹೀಗೆ ಹಂತ ಬಿಡದೆ ನಡೆದಿದ್ದಾರೆ.

ಏಳುಬೀಳುವ ಡೆಕ್

ನಿಮಿಟ್ಜ್ ಸುಮಾರು 333 ಮೀಟರ್ ಉದ್ದ. ಅದು ಮಧ್ಯದ ಆಧಾರದಲ್ಲಿ ಒಂದೇ ಡಿಗ್ರಿ ತೂಗಿದರೂ ಹಿಂತುದಿ ಸುಮಾರು 3 ಮೀಟರ್ ಏಳುತ್ತದೆ ಅಥವಾ ಬೀಳುತ್ತದೆ. ಸರಿಯಾದ ಇಳಿಜಾರಿನಲ್ಲಿ ಬಂದ ವಿಮಾನದ ಕೊಕ್ಕೆ ಆ ಹಿಂತುದಿಯನ್ನು ದಾಟುವಾಗ ನಡುವೆ ಉಳಿಯುವ ಜಾಗ 14 ಅಡಿ, ಅಂದರೆ 4.3 ಮೀಟರ್. ಒಂದೂವರೆ ಡಿಗ್ರಿ ಎದ್ದರೆ ಆ ಜಾಗವೆಲ್ಲ ಮುಗಿಯಿತು. ಹಡಗಿನ ಹಿಂಬದಿಗೆ ವಿಮಾನ ಬಡಿಯುವ ಅಪಘಾತ ಆಗುವುದು ಇಲ್ಲೇ.

ಇದನ್ನು ಕೇಳಿದ ಮೇಲೆ ಎಲ್ಲರೂ ಮಾಡುವುದು ಡೆಕ್ ನೋಡುವುದು, ಆದರೆ ಮಾಡಬಾರದ್ದು ಅದೇ. ಅಕ್ಕ ತಮ್ಮ ಇಬ್ಬರು ಒಟ್ಟಿಗೆ ಕಲಿಯುತ್ತಾರೆ, ಒಬ್ಬರು ಹಾರಿಸಿದರೆ ಇನ್ನೊಬ್ಬರು ಕುರ್ಚಿಯ ಹಿಂದೆ ನಿಂತು ಎಲ್‌ಎಸ್‌ಒ ಆಗುತ್ತಾರೆ. ತಮ್ಮ ಹಿಂತುದಿಗೆ ಬಡಿದಾಗ ನಡೆದ ಮಾತು ಹೀಗಿತ್ತು:

"ಅಕ್ಕಾ, ಡೆಕ್ ಕೆಳಗೆ ಹೋಗ್ತಿತ್ತು, ಅದಕ್ಕೇ ನಾನೂ ಇಳಿಸ್ದೆ."

"ಡೆಕ್ ನೋಡ್ಬೇಡ ಅಂದಿರ್ಲಿಲ್ವಾ? ಬಾಲ್ ಎಲ್ಲಿತ್ತು, ಅದನ್ನ ಹೇಳು."

"ನೋಡ್ಲಿಲ್ಲ."

ಪೂರ್ತಿ ಪಾಠ ಆ ಮೂರು ಸಾಲಿನಲ್ಲಿದೆ. ಬಿದ್ದ ಡೆಕ್ ಕೆಲವೇ ಸೆಕೆಂಡಿನಲ್ಲಿ ಮತ್ತೆ ಏಳುತ್ತದೆ. ಬೀಳುವುದನ್ನು ನೋಡಿ ನೀವು ಪವರ್ ತೆಗೆದಿದ್ದರೆ, ಏಳುವ ಹೊತ್ತಿಗೆ ನೀವು ಬೀಳುತ್ತಿರುತ್ತೀರಿ, ಎಂಜಿನ್ ಇನ್ನೂ ತಡವಾಗಿ ಏಳುತ್ತಿರುತ್ತದೆ. ದೀಪದ ವ್ಯವಸ್ಥೆಯನ್ನು ಹಡಗಿನ ತೂಗಾಟ ತಟ್ಟದಂತೆ ಸ್ಥಿರಗೊಳಿಸಿರುತ್ತಾರೆ. ಡೆಕ್ ಎಷ್ಟೇ ಕುಣಿದರೂ ಬಾಲ್ ತೋರಿಸುವ ಇಳಿಜಾರು ಒಂದು ಮಿತಿಯವರೆಗೆ ಗಾಳಿಯಲ್ಲಿ ನಿಂತೇ ಇರುತ್ತದೆ. ಆ ಮಿತಿ ಮೀರಿದ ತೂಗಾಟವಿದ್ದರೆ ಎಲ್‌ಎಸ್‌ಒ ದೀಪವನ್ನು ತಾವೇ ಕೈಯಿಂದ ನಡೆಸುತ್ತಾರೆ. ಡೆಕ್ ಏಳಲಿದೆ ಅಂತ ಅವರಿಗೆ ತೋರಿದರೆ ಬಾಲ್ ತಗ್ಗಿಸಿ ನಿಮ್ಮಿಂದ ಪವರ್ ಹಾಕಿಸುತ್ತಾರೆ. ಎರಡೂ ಸಂದರ್ಭದಲ್ಲಿ ನಿಮ್ಮ ಕೆಲಸ ಬಾಲ್ ಹಿಂದೆ ಹೋಗುವುದು, ಮತ್ತು ಕಿವಿ ತೆರೆದಿಟ್ಟುಕೊಳ್ಳುವುದು. 'ಪವರ್' ಅಂದರೆ ಯಾಕೆ ಅಂತ ನೋಡಬೇಡಿ, ಹಾಕಿ. 'ವೇವ್ ಆಫ್' ಅಂದರೆ ಅಥವಾ ಕೆಂಪು ದೀಪಗಳು ಮಿನುಗಿದರೆ ಪೂರ್ತಿ ಥ್ರಾಟಲ್ ಕೊಟ್ಟು, ಮೂಗನ್ನು ಎಳೆಯದೆ, ಹೊರಟುಹೋಗಿ. ಮೂಗೆತ್ತಿದರೆ ಬಾಲದ ಕೊಕ್ಕೆ ಕೆಳಗಿಳಿದು, ಹಾರುತ್ತಿರುವಾಗಲೇ ತಂತಿಗೆ ಸಿಕ್ಕಿಬೀಳುತ್ತದೆ.

ಹಂತ ಹಂತವಾಗಿ ಹೋಗಿ. ಮೊದಲು ಅಲೆ ಕಡಿಮೆ ಇರುವ ಹಗಲು, ಆಮೇಲೆ ಅಲೆ ಹೆಚ್ಚಿನ ಹಗಲು, ಆಮೇಲೆ ಶಾಂತ ರಾತ್ರಿ. ಅಲೆಯನ್ನೂ ಕತ್ತಲನ್ನೂ ಒಟ್ಟಿಗೆ ತರುವುದು ಕಟ್ಟಕಡೆಗೆ. ಡೆಕ್ ತೂಗಾಟ ಎಲ್ಲ ಸಿಮ್ಯುಲೇಟರಿನಲ್ಲೂ ಒಂದೇ ಥರ ಇರುವುದಿಲ್ಲ. ಇಲ್ಲದ ಕಡೆ ಮೇಲೆ ಹೇಳಿದ ಅಕ್ಕನ ವಿಧಾನ ಕೆಲಸಕ್ಕೆ ಬರುತ್ತದೆ: ಹಿಂದೆ ನಿಂತವರು ಯಾವುದೋ ಒಂದು ಕ್ಷಣದಲ್ಲಿ, ಕಾರಣ ಹೇಳದೆ, 'ಪವರ್' ಅಥವಾ 'ವೇವ್ ಆಫ್' ಅನ್ನಲಿ. ಕೈ ಎಷ್ಟು ಬೇಗ ಮುಂದೆ ಹೋಗುತ್ತದೆ ನೋಡಿ.

ಗಾಳಿ, ಮಳೆ

ಹಡಗು ಗಾಳಿಗೆ ಎದುರಾಗಿ ಓಡಿ ಡೆಕ್ ಮೇಲೆ ಸುಮಾರು 25ರಿಂದ 30 ನಾಟ್ ಗಾಳಿ ತಂದುಕೊಡುತ್ತದೆ. ಇದರಿಂದ 140 ನಾಟ್‌ನಲ್ಲಿ ಬರುವ ವಿಮಾನ ಡೆಕ್‌ಗೆ ಹತ್ತಿರವಾಗುವುದು 110ರ ಆಸುಪಾಸಿನಲ್ಲಿ. ಗಾಳಿ ಓರೆ ಪಟ್ಟಿಯ ನೇರಕ್ಕೇ ಬೀಸಿದರೆ ಉತ್ತಮ. ಸಮುದ್ರದಲ್ಲಿ ಗಾಳಿಯೇ ಇಲ್ಲದ ದಿನ ಹಡಗು ತನ್ನ ಓಟದಿಂದಲೇ ಗಾಳಿ ಮಾಡಿಕೊಳ್ಳಬೇಕು, ಆಗ ಅದು ಹಡಗಿನ ನೇರಕ್ಕೆ, ಅಂದರೆ ನಿಮಗೆ ಬಲಗಡೆಯಿಂದ ಓರೆಯಾಗಿ ಬರುತ್ತದೆ. ಜೊತೆಗೆ ಬಲಬದಿಯ ಗೋಪುರಕ್ಕೆ ಬಡಿದು ಕದಡಿದ ಗಾಳಿ ನಿಮ್ಮ ದಾರಿಗೇ ಬೀಳುತ್ತದೆ. ಹಿಂತುದಿಗೆ ಹತ್ತಿರವಾದಾಗ ವಿಮಾನ ಒಮ್ಮೆ ಹಗುರಾದಂತಾಗಿ ತಕ್ಷಣ ಕುಸಿಯುತ್ತದೆ. ಹಗುರಾದಾಗ ಪವರ್ ತೆಗೆದವರೇ ಕುಸಿತದಲ್ಲಿ ಸಿಕ್ಕಿಕೊಳ್ಳುವುದು. ಅಲ್ಲಿ ತೆಗೆಯಬೇಡಿ.

ಮಳೆಯಲ್ಲಿ ಬಾಲ್ ಮಸುಕಾಗುತ್ತದೆ ಅಷ್ಟೇ. ಮುಕ್ಕಾಲು ಮೈಲಿಯಲ್ಲಿ ಕಾಣಲಿಲ್ಲವೆಂದರೆ ಮೊದಲೇ ಹೇಳಿದಂತೆ 'ಕ್ಲಾರಾ' ಅನ್ನಿ, ಇಳಿಜಾರನ್ನೂ ಸಾಲನ್ನೂ ತೋರಿಸುವ ಮಾಪಕದ ಅಡ್ಡಗೆರೆ ನಿಲುವುಗೆರೆಗಳನ್ನು ಹಿಡಿದುಕೊಂಡೇ ಮುಂದುವರಿಯಿರಿ, ಎಲ್‌ಎಸ್‌ಒ ಮಾತಿಗೆ ಕಿವಿಗೊಡಿ.

ಇಂಧನದ ಲೆಕ್ಕ

ಹೊರಡುವ ಮುಂಚೆ ಒಂದು ಸಂಖ್ಯೆ ಬರೆದಿಟ್ಟುಕೊಳ್ಳಿ: ಇಷ್ಟು ಇಂಧನ ಉಳಿದಾಗ ಹಡಗನ್ನು ಬಿಟ್ಟು ದಡಕ್ಕೆ ಹೋಗುತ್ತೇನೆ. ಇದನ್ನು ಬಿಂಗೋ ಅನ್ನುತ್ತಾರೆ. ಎರಡು ಬೋಲ್ಟರ್ ಆದಮೇಲೆ ಬೆವರುತ್ತಾ ಕೂತು ಲೆಕ್ಕ ಹಾಕುವ ವಿಷಯ ಇದಲ್ಲ. ಫ್ಲೈಟ್‌ಗೇರ್‌ನಲ್ಲಿ ಹಡಗಿನ ಜಾಗವನ್ನು ಸನ್ನಿವೇಶದ ಕಡತದಲ್ಲಿ ಅಕ್ಷಾಂಶ, ರೇಖಾಂಶ ತಿದ್ದಿ ಬದಲಾಯಿಸಬಹುದು. ಕಾರವಾರದ ಎದುರಿಗೆ, ಉತ್ತರ ಅಕ್ಷಾಂಶ 14.8, ಪೂರ್ವ ರೇಖಾಂಶ 73.5ರಲ್ಲಿ ಇಡಿ. ಕಾರವಾರದ ಐಎನ್‌ಎಸ್ ಕದಂಬ ನೆಲೆಯೇ ವಿಕ್ರಮಾದಿತ್ಯದ ಮನೆ, ನಮ್ಮ ರಾಜ್ಯದ ಸಮುದ್ರವೇ ಅದು. ಅಲ್ಲಿಂದ ಗೋವಾದ ದಾಬೋಲಿಂ ರನ್‌ವೇ ಸುಮಾರು 40 ನಾಟಿಕಲ್ ಮೈಲಿ. ನಿಮ್ಮ ವಿಮಾನ ಅಷ್ಟು ದೂರಕ್ಕೆ ಎಷ್ಟು ಇಂಧನ ಕುಡಿಯುತ್ತದೆ ಅನ್ನುವುದನ್ನು ಒಮ್ಮೆ ಹಾರಿ ಅಳೆದು, ಅದರ ಮೇಲೆ ಒಂದು ಇಳಿಯುವ ಸುತ್ತಿಗೆ ಆಗುವಷ್ಟು ಸೇರಿಸಿ. ಅದು ನಿಮ್ಮ ಬಿಂಗೋ. ಮುಳ್ಳು ಅಲ್ಲಿಗೆ ಬಂದಾಗ ಬಾಲ್ ಎಷ್ಟೇ ಚೆನ್ನಾಗಿ ಕಾಣುತ್ತಿರಲಿ, ಗೋವಾಕ್ಕೆ ತಿರುಗಿ.

ಹೆಲಿಕಾಪ್ಟರ್ ಇಷ್ಟಪಡುವವರಿಗೆ ಇಲ್ಲಿಯೇ ಒಂದು ಮಾತು. ಸಣ್ಣ ಹಡಗಿನ ಮೇಲೆ ಇಳಿಯುವಾಗ ತಂತಿಯೂ ಇಲ್ಲ, ಬಾಲ್ ಹಿಡಿದು ಓಡಿಬರುವುದೂ ಇಲ್ಲ. ಹಡಗಿನ ವೇಗಕ್ಕೆ ಸಮನಾಗಿ ಪಕ್ಕದಲ್ಲಿ ತೇಲುತ್ತಾ ಅಲೆಗಳ ತಾಳ ಗಮನಿಸಬೇಕು. ದೊಡ್ಡ ತೂಗಾಟಗಳ ನಡುವೆ ಡೆಕ್ ಸ್ವಲ್ಪ ಹೊತ್ತು ಸುಮ್ಮನಾಗುವ ಗಳಿಗೆ ಬರುತ್ತದೆ, ಆಗ ತಡಮಾಡದೆ ಕೂರಿಸಬೇಕು. ಅಲ್ಲಿಯೂ ಡೆಕ್ ಬೆನ್ನಟ್ಟಿ ಮೇಲೆ ಕೆಳಗೆ ಹೋಗುವಂತಿಲ್ಲ.

ಅಂಕಪುಸ್ತಕ

ಅಮೆರಿಕದ ನೌಕಾಪಡೆಯಲ್ಲಿ ಪ್ರತಿ ಇಳಿಯುವಿಕೆಗೂ ಎಲ್‌ಎಸ್‌ಒ ಅಂಕ ಕೊಡುತ್ತಾರೆ. ಚೆನ್ನಾಗಿ ಬಂದರೆ 4, ಸಾಧಾರಣವಾದರೆ 3, ಬೋಲ್ಟರ್‌ಗೆ 2.5, ತಂತಿ ಹಿಡಿದರೂ ಒರಟಾಗಿ ಬಂದರೆ 2, ವೇವ್ ಆಫ್‌ಗೆ 1, ಅಪಾಯಕಾರಿಯಾಗಿದ್ದರೆ ಸೊನ್ನೆ. ಇಲ್ಲೊಂದು ವಿಷಯ ಗಮನಿಸಿ: ಕೆಟ್ಟದಾಗಿ ಬಂದು ತಂತಿ ಹಿಡಿದವನಿಗಿಂತ ಬೋಲ್ಟರ್ ಆಗಿ ಹೊರಟುಹೋದವನಿಗೆ ಅಂಕ ಹೆಚ್ಚು. ಸಿಮ್ಯುಲೇಟರಿನಲ್ಲಿ ಹೇಗೋ ಒಂದು ತಂತಿ ಹಿಡಿದು ಚಪ್ಪಾಳೆ ತಟ್ಟುವವರು ಇದನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳಲಿ.

ಒಂದು ನೂರು ಪುಟದ ನೋಟ್‌ಬುಕ್ ಸಾಕು. ಪ್ರತಿ ಸಲಕ್ಕೂ ಒಂದು ಸಾಲು: ಹಗಲೋ ರಾತ್ರಿಯೋ, ಅಲೆ ಎಷ್ಟು, ನೇರವಾದಾಗ ಬಾಲ್ ಎಲ್ಲಿತ್ತು, ನಡುವೆ ಎಲ್ಲಿತ್ತು, ಹಿಂತುದಿಯಲ್ಲಿ ಎಲ್ಲಿತ್ತು, ಎಷ್ಟನೇ ತಂತಿ, ಉಳಿದ ಇಂಧನ ಎಷ್ಟು. ಬರೆಯುವುದು ಹಿಂದೆ ನಿಂತವರ ಕೆಲಸ, ಹಾರಿಸಿದವರದಲ್ಲ. ವಾರಕ್ಕೊಮ್ಮೆ ಮೇಲಿಂದ ಕೆಳಕ್ಕೆ ಓದಿ. 'ಹಿಂತುದಿಯಲ್ಲಿ ತಗ್ಗು' ಅಂತ ಸಾಲುಸಾಲಾಗಿ ಕಂಡರೆ, ತಪ್ಪು ಹಿಂತುದಿಯಲ್ಲಿ ಆಗಿರುವುದಿಲ್ಲ. ನಡುವಿನಲ್ಲಿ ಬಾಲ್ ಸ್ವಲ್ಪ ಮೇಲಿದ್ದಾಗ ಪವರ್ ತೆಗೆದು, ಆಮೇಲೆ ಮತ್ತೆ ಹಾಕುವುದನ್ನು ಮರೆತಿರುತ್ತಾರೆ. ಅಂಥವರು ಅಲೆಯನ್ನೂ ಕತ್ತಲನ್ನೂ ಪಕ್ಕಕ್ಕಿಟ್ಟು, ಹಗಲಿನ ಶಾಂತ ಸಮುದ್ರದಲ್ಲಿ ಮೂರನೆಯ ತಿದ್ದುಪಡಿಯೊಂದನ್ನೇ, ಆ ಸಾಲುಗಳು ಪುಟದಿಂದ ಕಾಣೆಯಾಗುವವರೆಗೆ, ಅಭ್ಯಾಸ ಮಾಡಬೇಕು.